ಮಕ್ಕಳು ಮೊದಲು ನಮ್ಮ ಬಳಿಗೇ ಬರಲಿ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ.



ಹನ್ನೊಂದು ನಕ್ಷತ್ರಗಳು, ಸೂರ್ಯ, ಚಂದ್ರರು ತನಗೆ ಬಾಗಿದ್ದನ್ನು ಬಾಲಕ ಯೂಸುಫ್(ಅ) ಕನಸಿನಲ್ಲಿ ಕಂಡರು. ಅದನ್ನು ಹೇಳಿಕೊಂಡದ್ದು ತಂದೆ ಯಾಕೂಬ್(ಅ)ರ ಬಳಿ. ತಂದೆ ನಗಲಿಲ್ಲ, ಗದರಲಿಲ್ಲ. ಅಕ್ಕರೆಯಿಂದ ಕೇಳಿಸಿಕೊಂಡು, ಇದನ್ನು ಅಣ್ಣಂದಿರಿಗೆ ಹೇಳಬೇಡ, ಅವರು ಕೇಡು ಬಗೆದಾರು ಎಂದು ಎಚ್ಚರಿಸಿದರು. ಯಾರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬ ಪಾಠ ಮನೆಯಲ್ಲೇ ಆಯಿತು. ಮೊಬೈಲ್ ಹಿಡಿದ ನಮ್ಮ ಮಕ್ಕಳಿಗೆ ಬೇಕಾದ ಮೊದಲ ಪಾಠವೂ ಇದೇ.

ಗದಗ-ಬೆಟಗೇರಿಯಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಾಗಲಿ, ಇಂದು ಶಾಲೆ-ಕಾಲೇಜಿನ ನೋಟ್ಸ್ ಕೂಡ ವಾಟ್ಸಾಪಿನಲ್ಲಿ ಬರುತ್ತದೆ. ಮೊಬೈಲ್ ಕಸಿದುಕೊಂಡರೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ಅಪಾಯ ಬರುವ ದಾರಿಯನ್ನು ಅರಿಯಬೇಕು. ಆಟದಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಅಪರಿಚಿತನೊಬ್ಬ ಸ್ನೇಹಿತನಾಗುತ್ತಾನೆ. ಹೊಗಳುತ್ತಾನೆ, ಗುಟ್ಟಿನ ಚಾಟಿಗೆ ಕರೆಯುತ್ತಾನೆ, ಫೋಟೋ ಕೇಳುತ್ತಾನೆ. ಕೊಡದಿದ್ದರೆ ಮುಖವನ್ನಷ್ಟೇ ತೆಗೆದು ನಕಲಿ ಚಿತ್ರ ಮಾಡುವವರೂ ಇದ್ದಾರೆ. ಬಳಿಕ ಬರುವ ಬೆದರಿಕೆ ಒಂದೇ: ‘ನಿಮ್ಮಪ್ಪನಿಗೆ ಕಳಿಸುತ್ತೇನೆ.’

ಗಮನಿಸಿ, ಆ ದುಷ್ಟನ ಕೈಯಲ್ಲಿರುವ ದೊಡ್ಡ ಅಸ್ತ್ರ ಫೋಟೋ ಅಲ್ಲ. ಮಗುವಿಗೆ ನಮ್ಮ ಮೇಲಿರುವ ಭಯ. ಆ ಭಯ ಇಲ್ಲದ ಮನೆಯಲ್ಲಿ ಅವನ ಆಟ ನಡೆಯುವುದಿಲ್ಲ. ಆದ್ದರಿಂದ ಇಂದೇ ಮಗನಿಗೂ ಮಗಳಿಗೂ ಬಾಯಿಬಿಟ್ಟು ಹೇಳೋಣ: ‘ಏನೇ ಆಗಲಿ, ಮೊದಲು ನಮಗೆ ಹೇಳು. ಹೊಡೆಯುವುದಿಲ್ಲ, ಓದು ಬಿಡಿಸುವುದಿಲ್ಲ.’ ದುಡಿಮೆಗಾಗಿ ಗೋವಾದಲ್ಲೋ ಬೆಂಗಳೂರಿನಲ್ಲೋ ಇರುವ ತಂದೆಯೂ ಈ ಮಾತನ್ನು ಫೋನಿನಲ್ಲಿ ಹೇಳಲಿ.

ಕದ್ದು ನೋಡುವುದು ಕಾವಲಲ್ಲ. ಇತರರ ಗುಟ್ಟು ಕೆದಕುವುದನ್ನು ಅಲ್‌ಹುಜುರಾತ್ ಅಧ್ಯಾಯ ತಡೆಯುತ್ತದೆ. ಆದರೆ ಪ್ರತಿಯೊಬ್ಬರೂ ತಮ್ಮ ಅಧೀನದಲ್ಲಿರುವವರ ಹೊಣೆಗಾರರು ಎಂಬ ಪ್ರವಾದಿ(ಸ)ರ ಬೋಧನೆಯೂ ಇದೆ. ಎರಡನ್ನೂ ಪಾಲಿಸುವ ದಾರಿ, ಮಕ್ಕಳ ಜೊತೆ ಕೂತು ನಿಯಮ ಮಾಡುವುದು. ರಾತ್ರಿ ಎಲ್ಲರ ಮೊಬೈಲೂ, ನಮ್ಮದೂ ಸೇರಿ, ಪಡಸಾಲೆಯಲ್ಲಿ ಚಾರ್ಜಿಗಿರಲಿ. ಇನ್‌ಸ್ಟಾಗ್ರಾಮಿಗೆ ಕನಿಷ್ಠ 13 ವರ್ಷ ಆಗಿರಬೇಕು. 18ರೊಳಗಿನವರಿಗೆ ಅದರಲ್ಲಿ ಟೀನ್ ಅಕೌಂಟ್ ಎಂಬ ರಕ್ಷಣೆ ಇದೆ. ವಯಸ್ಸು ಸುಳ್ಳು ಹಾಕಿದ್ದರೆ ಆ ರಕ್ಷಣೆ ಸಿಗದೆ ಹೋಗಬಹುದು. ಹುಟ್ಟಿದ ವರ್ಷವನ್ನು ಒಟ್ಟಿಗೆ ಪರಿಶೀಲಿಸಿ.

ಬೆದರಿಕೆ ಬಂದೇಬಿಟ್ಟರೆ? ಹಣ ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್, ಖಾತೆಯ ಹೆಸರು, ನಂಬರು ಉಳಿಸಿಕೊಂಡು ನಂತರ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098. ಗದಗಿನಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆ ಇದೆ.

‘ಠಾಣೆ ಮೆಟ್ಟಿಲು ಹತ್ತಿದರೆ ಮರ್ಯಾದೆ ಹೋಗುತ್ತದೆ’ ಎಂಬ ಅಳುಕು ಹಲವರಲ್ಲಿದೆ. 2012ರ ಪೋಕ್ಸೊ ಕಾಯ್ದೆ ಇದಕ್ಕೆ ದಾರಿ ಮಾಡಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಪಡೆಯಬೇಕು, ಗುರುತು ಗುಟ್ಟಾಗಿರಬೇಕು.

ನಮ್ಮ ಮೊಹಲ್ಲಾದ ಹೊಣೆಯೂ ಇದೆ. ಯಾರದೋ ಮಗಳ ಚಿತ್ರ ನಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬಾರದು. ಮಕ್ಕಳ ಅಶ್ಲೀಲ ಚಿತ್ರ ಹಂಚುವುದಕ್ಕೆ ಐಟಿ ಕಾಯ್ದೆಯಲ್ಲಿ ಮೊದಲ ಬಾರಿಗೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡವಿದೆ. ಇತರರ ಮಾನ ಮುಚ್ಚಿದವನ ಮಾನವನ್ನು ಅಲ್ಲಾಹನು ಮುಚ್ಚುತ್ತಾನೆಂದು ಪ್ರವಾದಿ(ಸ) ಕಲಿಸಿದ್ದಾರೆ. ಮೋಸಹೋದ ಮಗುವಿನ ಬಗ್ಗೆ ಕಟ್ಟೆಯ ಮೇಲೆ ಮಾತಾಡುವವರು ಇನ್ನೊಂದು ಮಗುವಿನ ಬಾಯಿ ಕಟ್ಟುತ್ತಿದ್ದಾರೆ.

ಅಲ್ಲಾಹನು ನಮ್ಮ ಮಕ್ಕಳನ್ನು ಎಲ್ಲ ಕೇಡಿನಿಂದ ಕಾಪಾಡಲಿ. ಅವರ ಮಾತು ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮಗೆ ಕರುಣಿಸಲಿ. ಆಮೀನ್.