ಸಂಘ ಮತ್ತು ಅದರ ನಿಯಮಾವಳಿ

ನಾಲ್ಕು ಮಂದಿ ಉತ್ಸಾಹಿಗಳು ಕೂಡಿ ಬಡಾವಣೆಯಲ್ಲೊಂದು ವಾಚನಾಲಯವನ್ನು ತೆರೆಯುವುದು ಅಷ್ಟೇನೂ ಕಷ್ಟವಲ್ಲ. ಹತ್ತು ವರ್ಷಗಳ ತರುವಾಯ ಅದರ ಬೀಗದ ಕೈ ಯಾರ ಬಳಿ ಇರತಕ್ಕದ್ದು ಎಂಬ ಪ್ರಶ್ನೆ ಎದ್ದಾಗ ಉತ್ತರ ಹೇಳುವುದೇ ಕಷ್ಟ. ಆ ಉತ್ತರವನ್ನು ಸ್ನೇಹವಿರುವಾಗಲೇ ಬರೆದಿಡುವುದಕ್ಕೆ ನಿಯಮಾವಳಿ ಎಂದು ಹೆಸರು. ರೂಢಿಯ ಮಾತಿನಲ್ಲಿ ಬೈಲಾ.

ನಿಯಮ ಎಂಬ ಶಬ್ದವು 'ಯಮ್' ಧಾತುವಿನಿಂದ ಬಂದದ್ದು. ತಡೆದು ಹಿಡಿಯುವುದು ಎಂದು ಅದರ ಅರ್ಥ. ಯಾರನ್ನು ತಡೆದು ಹಿಡಿಯಬೇಕು? ಚಂದಾ ಕೊಟ್ಟು ಸುಮ್ಮನಿರುವ ಸದಸ್ಯನನ್ನಲ್ಲ, ಅಧಿಕಾರ ಕೈಯಲ್ಲಿರುವವನನ್ನು. ಇದನ್ನು ಮರೆತ ಸಂಘ ಬಹುಕಾಲ ಬಾಳದು.

ಇಂಥ ಸಂಘಗಳಿಗೆಂದು 1860ರಲ್ಲಿ ಒಂದು ಕಾಯಿದೆ ಬಂದಿತು. ನಮ್ಮ ರಾಜ್ಯದ ಸಂಘಗಳ ನೋಂದಣಿ ಕಾಯಿದೆ 1960ರದು. ಕನಿಷ್ಠ 7 ಮಂದಿ ಸೇರಿ ರುಜು ಹಾಕಿ ರಿಜಿಸ್ಟ್ರಾರರಿಗೆ ಎರಡು ಪತ್ರಗಳನ್ನು ಒಪ್ಪಿಸಬೇಕು. ಸಂಘ ಏತಕ್ಕಾಗಿ ಹುಟ್ಟಿತೆಂದು ಹೇಳುವುದು ಮೆಮೊರಾಂಡಂ. ಅದು ಹೇಗೆ ನಡೆಯಬೇಕೆಂದು ಹೇಳುವುದು ನಿಯಮಾವಳಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಬೇಕು. ಆಡಳಿತ ಮಂಡಲಿಯ ಪಟ್ಟಿಯೂ ಲೆಕ್ಕಪತ್ರವೂ ರಿಜಿಸ್ಟ್ರಾರರನ್ನು ತಲುಪಬೇಕು.

ಅನೇಕರು ಇನ್ನೊಂದು ಸಂಘದ ಬೈಲಾವನ್ನು ತಂದು, ಹೆಸರು ಮಾತ್ರ ಬದಲಾಯಿಸಿ ಒಪ್ಪಿಸಿಬಿಡುತ್ತಾರೆ. ಎರವಲು ಅಂಗಿ ಮೈಗೆ ಹೊಂದೀತೆ? 30 ಸದಸ್ಯರಿರುವ ಸಂಘದಲ್ಲಿ ಸಭೆಯ ಕೋರಂ 50 ಎಂದು ಬರೆದಿದ್ದರೆ ಯಾವ ಸಭೆಯೂ ಊರ್ಜಿತವಾಗದು. ಕೋರಂ 3 ಎಂದಿದ್ದರೋ, ಮೂವರು ಮನೆಯ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ತೀರ್ಮಾನಿಸಿಬಿಡಬಹುದು.

ಅಧ್ಯಕ್ಷರಿಗೂ ಕಾರ್ಯದರ್ಶಿಗೂ ವಿರಸ ಹುಟ್ಟಿತೆನ್ನಿ. ಇವರೊಂದು ಸಭೆ, ಅವರೊಂದು ಸಭೆ. ಇಬ್ಬರು ಕಾರ್ಯದರ್ಶಿಗಳು, ಎರಡು ಮೊಹರು. ಯಾರ ರುಜುವನ್ನು ನಂಬುವುದೆಂದು ತಿಳಿಯದೆ ಬ್ಯಾಂಕಿನವರು ಹಣ ಕೊಡುವುದನ್ನು ನಿಲ್ಲಿಸುತ್ತಾರೆ. ವ್ಯಾಜ್ಯ ಕೋರ್ಟಿನಲ್ಲಿ ಬೆಳೆಯುತ್ತದೆ. ಬೀರುವಿನ ಪುಸ್ತಕಗಳನ್ನು ಗೆದ್ದಲು ಓದುತ್ತದೆ. ಸಭೆಯನ್ನು ಕರೆಯುವ ಹಕ್ಕು ಯಾರದು, ಎಷ್ಟು ದಿನ ಮುಂಚಿತವಾಗಿ ನೋಟೀಸು ಕೊಡಬೇಕು, ಪದಾಧಿಕಾರಿಯ ಅವಧಿ ಎಷ್ಟು, ಚೆಕ್ಕಿಗೆ ಯಾರ ಯಾರ ರುಜು ಬೇಕು ಎಂಬ ನಾಲ್ಕು ಸಾಲುಗಳು ಸ್ಪಷ್ಟವಾಗಿದ್ದರೆ ಇಂಥ ಜಗಳ ಬಹುಮಟ್ಟಿಗೆ ಹೊಸ್ತಿಲಲ್ಲೇ ನಿಲ್ಲುತ್ತದೆ. ಪ್ರತಿಯೊಂದು ನಿರ್ಣಯವನ್ನೂ ನಡವಳಿ ಪುಸ್ತಕದಲ್ಲಿ ಅಂದೇ ಬರೆದಿಡುವುದು ಇದಕ್ಕೆ ಭದ್ರವಾದ ಅಗುಳಿ.

ಸಂಘವನ್ನು ಮುಚ್ಚುವ ಮಾತೂ ಬರೆದಿರಬೇಕು. ಅದು ಅಮಂಗಳವಲ್ಲ. 1860ರ ಕಾಯಿದೆಯ ಪ್ರಕಾರ ವಿಸರ್ಜನೆಗೆ ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಮಂದಿಯಾದರೂ ಒಪ್ಪಬೇಕು. ಸಾಲವೆಲ್ಲ ತೀರಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಬೇರೊಂದು ಸಂಘಕ್ಕೆ ಸಲ್ಲಬೇಕು. ಸಾರ್ವಜನಿಕರ ನಂಬಿಕೆಯಿಂದ ಬಂದ ಹಣ ಸಾರ್ವಜನಿಕ ಕಾರ್ಯಕ್ಕೇ ಹೋಗಲಿ ಎಂಬ ಧರ್ಮ ಇದರಲ್ಲಿದೆ.

ನಿಮ್ಮಲ್ಲಿ ಅನೇಕರು ಯಾವುದೋ ಒಂದು ಸಂಘದ ಸದಸ್ಯರಾಗಿರುವಿರಿ. ಮಹಿಳಾ ಸಮಾಜವಿರಬಹುದು, ಭಜನಾ ಮಂಡಲಿಯಿರಬಹುದು. ಅದರ ನಿಯಮಾವಳಿಯನ್ನು ಎಂದಾದರೂ ಓದಿದ್ದೀರಾ? ಮುಂದಿನ ಸಭೆಗೆ ಹೋದಾಗ ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ಕೇಳುವುದು ಅವಿಶ್ವಾಸದ ಗುರುತಲ್ಲ. ಕೇಳುವ ಸದಸ್ಯರಿರುವ ಸಂಘವೇ ಬಾಳುವ ಸಂಘ.