ಕಸುಬಿಗೊಂದು ನೆಲೆ

ಸ್ವಂತ ಕಸುಬು ಹಿಡಿಯುವವನಿಗೆ ಮೊದಲು ಬೇಕಾದುದು ಬಂಡವಾಳವೆಂದು ಎಲ್ಲರೂ ಹೇಳುತ್ತಾರೆ. ಬಂಡವಾಳ ಬೇಕು, ನಿಜ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆಗೆ ಅವನಲ್ಲಿ ಉತ್ತರವಿರಬೇಕು: ‘ಇಷ್ಟು ಮಂದಿ ಇರುವಾಗ ಜನ ನನ್ನ ಬಾಗಿಲಿಗೇ ಏಕೆ ಬರಬೇಕು?’ ಈ ಪ್ರಶ್ನೆಯ ಬೆಲೆಯನ್ನು ನನಗೆ ತಿಳಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ.

ಅವನು ವಕೀಲಿ ಸನದು ಪಡೆದು ನಮ್ಮೂರ ಕೋರ್ಟಿನ ಎದುರಿಗೆ ಒಂದು ಖೋಲಿ ಹಿಡಿದ. ಆ ಸಾಲಿನಲ್ಲಿ ಆಗಲೇ ಹನ್ನೆರಡು ಬೋರ್ಡುಗಳಿದ್ದವು, ಇವನದು ಹದಿಮೂರನೆಯದು. ಎಲ್ಲದರ ಮೇಲೂ ಒಂದೇ ಒಕ್ಕಣೆ. ಮಗನ ಓದಿಗಾಗಿ ತಂದೆ ಎರಡು ಎಕರೆ ಹೊಲವನ್ನು ಒತ್ತೆಯಿಟ್ಟಿದ್ದರು. ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಆ ದಾರಿಯಲ್ಲಿ ಹೋಗುತ್ತಿದ್ದವನು ಒಳಗೆ ಹೊಕ್ಕು, “ಏನಪಾ, ಹೆಂಗ ನಡದದ?” ಎಂದು ಕೇಳಿದೆ.

“ಪಕ್ಷಗಾರರು ಬರ್ತಾರ್ರಿ ಸರ್, ಬಾಜೂ ವಕೀಲರ ಖೋಲಿ ಯಾವುದು ಅಂತ ಕೇಳಲಿಕ್ಕೆ” ಎಂದು ನಕ್ಕ.

ಆ ನಗೆಯನ್ನು ನನ್ನಿಂದ ನೋಡಲಾಗಲಿಲ್ಲ. ಬೋರ್ಡು ತೆಗೆದು ಎಲ್ಲಿಯಾದರೂ ಗುಮಾಸ್ತಿಕೆಗೆ ಅರ್ಜಿ ಹಾಕೆಂದು ಬುದ್ಧಿ ಹೇಳಿ ಬಂದೆ. ಆ ಮಾತನ್ನು ಇಂದು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಪುಣ್ಯಕ್ಕೆ ಅವನು ನನ್ನ ಮಾತು ಕೇಳಲಿಲ್ಲ. ಅವನದು ಹಿಂದೆ ಕುಲಕರ್ಣಿಕೆ ನಡೆಸಿದ ಮನೆತನ. ಮನೆಯ ಅಟ್ಟದ ಮೇಲೆ ಅರಿವೆಯಲ್ಲಿ ಕಟ್ಟಿದ ಹಳೆಯ ಕಾಗದಗಳ ಗಂಟುಗಳಿದ್ದವು. ಎಲ್ಲವೂ ಮೋಡಿ ಬರಹ. ಲೇಖನಿಯನ್ನು ಎತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓಡಿಸುವ ಲಿಪಿ ಅದು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಎಷ್ಟೋ ಖರೀದಿ ಪತ್ರ, ಒತ್ತೆ ಪತ್ರ, ವಾಟ್ನಿ ಪತ್ರಗಳು ಈ ಲಿಪಿಯಲ್ಲಿವೆ. ಹೊಲಮನೆಗಳ ತಕರಾರು ಕೋರ್ಟಿಗೆ ಬಂದಾಗ ಅವು ಹೊರಬೀಳುತ್ತವೆ. ಓದಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಕಾಗದ ಕೈಯಲ್ಲಿದ್ದೂ ಅದರಲ್ಲೇನಿದೆಯೆಂದು ತಿಳಿಯದೆ ಜನ ತಾರೀಖಿನಿಂದ ತಾರೀಖಿಗೆ ಅಲೆಯುತ್ತಿದ್ದುದನ್ನು ಈ ಹುಡುಗ ದಿನವೂ ಕಾಣುತ್ತಿದ್ದ. ಒಂದು ದಿನ ಅಟ್ಟದ ಗಂಟನ್ನು ಕೆಳಗಿಳಿಸಿ, ಊರಿನ ಒಬ್ಬ ವೃದ್ಧರ ಬಳಿ ಕುಳಿತು, ವರ್ಷವಿಡೀ ಮೋಡಿ ತಿದ್ದಿದ.

ಅವನು ಓದಿದ ಮೊದಲ ದಸ್ತಾವೇಜು ಅವನ ಪಕ್ಷಗಾರನಿಗೇ ವಿರುದ್ಧವಾಗಿತ್ತು. ಮುಚ್ಚಿಟ್ಟಿದ್ದರೆ ಆ ದಿನಕ್ಕೆ ಹಿಡಿಯುವವರಿರಲಿಲ್ಲ. ಅವನು ಇದ್ದುದನ್ನು ಇದ್ದ ಹಾಗೆ ಓದಿ ಹೇಳಿ, ರಾಜಿಗೆ ಒಪ್ಪಿಸಿದ. ಆ ಮಾತು ಕೋರ್ಟಿನ ಆವರಣವೆಲ್ಲ ಹಬ್ಬಿತು. ಅಂದಿನಿಂದ ಬಾಜೂ ವಕೀಲರೇ ಮೋಡಿ ಕಾಗದ ಹಿಡಿದು ಅವನ ಖೋಲಿಗೆ ಬರತೊಡಗಿದರು. ಒತ್ತೆಯಿಟ್ಟ ಹೊಲ ಈಗ ಬಿಡುಗಡೆಯಾಗಿದೆ.

ಇಂಥದಕ್ಕೆ ನಮ್ಮ ನಾಡಿನಲ್ಲಿ ಹಿರಿಯ ನಿದರ್ಶನವೂ ಉಂಟು. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ನನ್ನಂತೆಯೇ ಶಾಲೆಯ ಮಾಸ್ತರರು. ಧಾರವಾಡ ಸೀಮೆಯಲ್ಲಿ ಆಗ ಮರಾಠಿಯದೇ ಮೆರವಣಿಗೆ. ಅಕ್ಷರ ಬಲ್ಲ ಕನ್ನಡಿಗರ ಮನೆಗಳಲ್ಲಿಯೂ ಮರಾಠಿ ಪುಸ್ತಕಗಳು. ಕಥೆಯ ಹಸಿವಿತ್ತು, ಕನ್ನಡದಲ್ಲಿ ಬಡಿಸುವವರು ವಿರಳ. ಗಳಗನಾಥರು ಆ ಹಸಿವನ್ನು ಗುರುತಿಸಿದರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಿಸಿದರು, ವಿಜಯನಗರದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾವಿಲಾಸ’ವನ್ನು ಬರೆದರು, ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದರು. ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರು ಧನಿಕರಾಗಲಿಲ್ಲ, ಆದರೆ ಓದುಗರಿಲ್ಲವೆಂದು ಕೈಕಟ್ಟಿ ಕೂಡದೆ ಓದುಗರಿದ್ದಲ್ಲಿಗೇ ನಡೆದರು.

ಈ ಇಬ್ಬರಿಂದ ನಾನು ಕಲಿತುದು ಇಷ್ಟು. ಹೊಸತೆಂದು ವಿಚಿತ್ರವಾದುದನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ನಮ್ಮ ಸುತ್ತಲಿನ ಜನ ಯಾವುದಕ್ಕಾಗಿ ಅಲೆಯುತ್ತಿದ್ದಾರೆಂದು ನೋಡಬೇಕು. ಅದನ್ನು ಮಾಡಲು ನಮ್ಮ ಹುಟ್ಟು, ಓದು, ಅನುಭವಗಳಲ್ಲಿ ಏನು ಗಂಟು ಇದೆಯೆಂದು ಬಿಚ್ಚಿ ನೋಡಬೇಕು. ಎರಡೂ ಕೂಡುವ ಜಾಗವೇ ನಮ್ಮ ನೆಲೆ. ಅದು ಸಣ್ಣದಿರಬಹುದು, ಆದರೆ ಅಲ್ಲಿ ನಾವು ಹದಿಮೂರನೆಯವರಲ್ಲ. ಆ ನೆಲೆಯನ್ನು ಉಳಿಸುವುದು ಮಾತ್ರ ಜಾಣತನವಲ್ಲ, ನಂಬಿಕೆ. ಒಬ್ಬನೇ ಓದಬಲ್ಲ ಕಾಗದವನ್ನು ಅವನು ಸುಳ್ಳಾಗಿ ಓದಿದರೆ ಕೇಳುವವರಾರು? ಆದುದರಿಂದಲೇ ಅವನು ನಿಜವನ್ನು ಓದಬೇಕು.

ಮನೆಯಲ್ಲಿ ಸ್ವಂತ ಕಸುಬಿನ ಕನಸು ಕಾಣುವ ಮಗನೋ ಮಗಳೋ ಇದ್ದರೆ, ‘ನೌಕರಿ ನೋಡು’ ಎನ್ನುವ ಮೊದಲು ಅವರೊಡನೆ ಒಮ್ಮೆ ಅಟ್ಟ ಹತ್ತಿ ನೋಡಿರಿ. ನಾನು ಅಂದು ಹತ್ತದೆ ಉಪದೇಶ ಮಾಡಿದ್ದೆ.