ಆವಿಯನ್ನು ಹಿಡಿಯುವ ಇದ್ದಿಲ ಡಬ್ಬಿ



ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನ ಕಡೆ ಮಾವಿನ ಕಾಲದಲ್ಲಿ ಓಡಾಡಿದವರಿಗೆ ಮೇ ತಿಂಗಳ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ಮಾವಿನ ಕೊಯ್ಲಿನ ಚಿತ್ರೀಕರಣಕ್ಕೆಂದು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ದಾರಿಯಲ್ಲಿ ಬಾಡಿಗೆ ಕಾರಿಗೆ ಟ್ಯಾಂಕು ತುಂಬಿಸಿದೆವು. ಪಂಪಿನ ಹಿಡಿಕೆ 'ಟಕ್' ಎಂದು ತಾನಾಗಿ ನಿಂತಿತು. "ರೌಂಡ್ ಮಾಡ್ಲಾ ಸಾರ್?" ಎಂದು ಬಂಕಿನ ಹುಡುಗ ಕೇಳಿದ. ಚಾಲಕರು ತಲೆಯಾಡಿಸಿದರು. ಇನ್ನೊಂದಷ್ಟು ಪೆಟ್ರೋಲು ಒಳಗೆ ಹೋಯಿತು.

ಆಮೇಲೆ ಕೀಲಿ ತಿರುಗಿಸಿದರೆ ಎಂಜಿನ್ ಏಳಲೇ ಇಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ನಾಲ್ಕೈದು ಸಲ ಪ್ರಯತ್ನಿಸಿದ ಮೇಲೆ ಕೆಮ್ಮುತ್ತಾ ಎದ್ದಿತು. ತೋಪಿನ ಅಂಚಿನ ಬಿಸಿಲಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆಯಾಗುವಷ್ಟರಲ್ಲಿ ಸುತ್ತಲೂ ಪೆಟ್ರೋಲಿನ ವಾಸನೆ. ಕಾರಿನ ಮಗ್ಗುಲಲ್ಲಿ ನಿಂತು ಬೀಡಿ ಹಚ್ಚಲು ಹೊರಟಿದ್ದ ನಮ್ಮ ಸಹಾಯಕರೊಬ್ಬರನ್ನು ನಾನು ಕೂಗಿ ತಡೆಯಬೇಕಾಯಿತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡುತ್ತದೆ.

"ಮೂರು ತಿಂಗಳಿಂದ ಇದೇ ಗೋಳು ಸಾರ್. ಪೆಟ್ರೋಲ್ ಪಂಪ್ ಬದಲಾಯಿಸಿದ್ದಾಯ್ತು, ಪ್ಲಗ್ ಬದಲಾಯಿಸಿದ್ದಾಯ್ತು," ಎಂದರು ಚಾಲಕರು. ಕಾರಿನ ಮೇಲೆ ಸಾಲವಿತ್ತು. ಮದುವೆ ಸೀಸನ್ನಿನಲ್ಲಿ ಎರಡು ಬಾಡಿಗೆ ಕೈತಪ್ಪಿದ್ದವು.

ಈಗ ಸ್ವಲ್ಪ ವಿಜ್ಞಾನ ನೋಡೋಣ. ಪೆಟ್ರೋಲು ಒಂದೇ ವಸ್ತುವಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಬ್ಯೂಟೇನ್, ಪೆಂಟೇನ್‌ನಂಥ ಹಗುರವಾದವು ಬೇಗ ಆವಿಯಾಗುತ್ತವೆ. ಕಾರು ಓಡಬೇಕಾಗಿಲ್ಲ, ಸುಮ್ಮನೆ ನಿಂತಿದ್ದರೂ ಹಗಲಿನ ಕಾವಿಗೆ ಟ್ಯಾಂಕಿನಲ್ಲಿ ಆವಿ ಹಿಗ್ಗುತ್ತದೆ, ರಾತ್ರಿಯ ತಂಪಿಗೆ ಕುಗ್ಗುತ್ತದೆ. ಹಿಗ್ಗಿದ ಆವಿಯನ್ನು ಹೊರಗೆ ಬಿಟ್ಟರೆ ಏನಾಗುತ್ತದೆ? ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಕಣ್ಣುರಿಸುತ್ತಿದ್ದ ಹೊಗೆಮಂಜಿಗೆ ಇಂಥ ಹೈಡ್ರೋಕಾರ್ಬನ್‌ಗಳು ಬಿಸಿಲಿನಲ್ಲಿ ನೈಟ್ರೋಜನ್ ಆಕ್ಸೈಡುಗಳೊಡನೆ ವರ್ತಿಸಿ ಓಜೋನ್ ಉಂಟುಮಾಡುವುದೇ ಕಾರಣವೆಂದು 1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿತ್ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯದಲ್ಲಿ 1970ರ ಮಾದರಿಯ ಕಾರುಗಳಿಂದ ಆವಿಯನ್ನು ಹಿಡಿದಿಡುವ ವ್ಯವಸ್ಥೆ ಕಡ್ಡಾಯವಾಯಿತು.

ಆ ವ್ಯವಸ್ಥೆಯ ಹೃದಯವೆಂದರೆ ಒಂದು ಡಬ್ಬಿ, ಅದರ ತುಂಬ ಇದ್ದಿಲ ಹರಳು. ನಿಮ್ಮ ಅಜ್ಜಿಯ ಒಲೆಯ ಇದ್ದಿಲಲ್ಲ. ಸಂಸ್ಕರಿಸಿ ಅಸಂಖ್ಯ ಸೂಕ್ಷ್ಮ ರಂಧ್ರಗಳನ್ನು ಮಾಡಿದ ಇದ್ದಿಲು. ಇದರ ಒಂದು ಗ್ರಾಮಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನಷ್ಟಾದೀತು. ಸ್ಪಂಜು ನೀರನ್ನು ಹೀರಿದಂತೆ ಇದು ಆವಿಯನ್ನು ಹೀರುವುದಿಲ್ಲ, ಮೈಗೆ ಅಂಟಿಸಿಕೊಳ್ಳುತ್ತದೆ. ಇದಕ್ಕೆ ಅಧಿಶೋಷಣೆ ಎಂದು ಹೆಸರು. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ 'ಪರ್ಜ್ ವಾಲ್ವ್' ಎಂಬ ವಿದ್ಯುತ್ ಕವಾಟ ತೆರೆದು, ಡಬ್ಬಿಯ ಇನ್ನೊಂದು ತುದಿಯಿಂದ ಹೊರಗಾಳಿ ನುಗ್ಗಿ, ಅಂಟಿದ ಆವಿಯನ್ನು ಬಿಡಿಸಿ ಎಂಜಿನ್ನಿಗೆ ಒಯ್ಯುತ್ತದೆ. ಅಲ್ಲಿ ಅದು ಉರಿಯುತ್ತದೆ. ಗಾಳಿಗೆ ಹೋಗಬೇಕಾದ ಪೆಟ್ರೋಲು ಚಕ್ರ ತಿರುಗಿಸುತ್ತದೆ.

ಯಲ್ದೂರಿನಲ್ಲಿ ನಮಗೆ ಸಿಕ್ಕ ಮೆಕ್ಯಾನಿಕ್ ಬಾನೆಟ್ ತೆರೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಬಂಕ್‌ನಲ್ಲಿ ಹಾಕಿಸಿದ ಮೇಲೆ ಮಾತ್ರ ಸ್ಟಾರ್ಟ್ ಆಗಲ್ವಾ ಅಣ್ಣಾ, ಇಲ್ಲಾ ಯಾವಾಗಲೂನಾ?" ಟ್ಯಾಂಕು ತುಂಬಿದ ಮೇಲೆ ಮಾತ್ರ ಎಂದರು ಚಾಲಕರು. "ಹಾಗಾದ್ರೆ ಬೆಳಿಗ್ಗೆ ಬನ್ನಿ, ಎಂಜಿನ್ ತಣ್ಣಗಿರಬೇಕು."

ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಪರ್ಜ್ ವಾಲ್ವಿಗೆ ಡಬ್ಬಿಯ ಕಡೆಯಿಂದ ಬರುವ ಹೋಸನ್ನು ಕಳಚಿ, ವಾಲ್ವಿನ ಬಾಯಿಗೆ ಬೆರಳಿಟ್ಟರು. ತಣ್ಣಗಿನ ಎಂಜಿನ್ನಿನಲ್ಲಿ ಈ ವಾಲ್ವು ಮುಚ್ಚಿರಬೇಕು. ಬೆರಳಿಗೆ ಸೆಳೆತ ತಾಕಬಾರದು. ಇಲ್ಲಿ ಬೆರಳು ಗಟ್ಟಿಯಾಗಿ ಅಂಟಿಕೊಂಡಿತು. ವಾಲ್ವು ತೆರೆದೇ ಸಿಕ್ಕಿಕೊಂಡಿತ್ತು. ಟ್ಯಾಂಕು ತುಂಬುವಾಗ ಹೊರಟ ಆವಿಯೆಲ್ಲ ನೇರವಾಗಿ ಎಂಜಿನ್ನಿಗೆ ಹೋಗಿ, ಗಾಳಿಗಿಂತ ಪೆಟ್ರೋಲೇ ಹೆಚ್ಚಾಗಿ ಅದು ಏಳುತ್ತಿರಲಿಲ್ಲ. ಪೆಟ್ರೋಲ್ ಪಂಪಿನ ತಪ್ಪೇನೂ ಇರಲಿಲ್ಲ.

ಬೇರೆಯವರಾಗಿದ್ದರೆ ಹೊಸ ವಾಲ್ವು ಹಾಕಿ ಹಣ ಎಣಿಸುತ್ತಿದ್ದರು. ಇವರು ಹಳೆಯ ವಾಲ್ವನ್ನು ಬಿಳಿ ಕಾಗದದ ಮೇಲೆ ತಟ್ಟಿದರು. ಕರಿಯ ಪುಡಿ ಉದುರಿತು! ಅದು ಡಬ್ಬಿಯ ಇದ್ದಿಲು. 'ಟಕ್' ಎಂದ ಮೇಲೂ ತುಂಬಿಸಿದ ಪೆಟ್ರೋಲು ದ್ರವರೂಪದಲ್ಲೇ ಡಬ್ಬಿಗೆ ನುಗ್ಗಿ, ನೆನೆದ ಹರಳುಗಳು ಪುಡಿಯಾಗಿ, ಆ ಪುಡಿ ವಾಲ್ವಿನಲ್ಲಿ ಸಿಕ್ಕಿತ್ತು. ತೋಪಿನಲ್ಲಿ ನಮ್ಮ ಮೂಗಿಗೆ ಬಡಿದ ವಾಸನೆಯೂ ಅದರದೇ: ನೆನೆದ ಇದ್ದಿಲಿಗೆ ಇನ್ನಷ್ಟು ಆವಿ ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಡಬ್ಬಿ ಬದಲಾಯಿಸದೆ ವಾಲ್ವು ಮಾತ್ರ ಹಾಕಿದ್ದರೆ ಅದೂ ಕೆಲವೇ ದಿನಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ಸ್ಕ್ಯಾನರ್ ಹಾಕಿದರೆ ಗೊತ್ತಾಗುವುದಿಲ್ಲವೇ?" ಎಂದು ನೀವು ಕೇಳಬಹುದು. ಅಮೆರಿಕದ ನಿಯಮದಂತೆ ಕಾರಿನ ಕಂಪ್ಯೂಟರು ಅರ್ಧ ಮಿಲಿಮೀಟರಿನಷ್ಟು ಸಣ್ಣ ತೂತನ್ನೂ ಪತ್ತೆಹಚ್ಚಬೇಕು. ಪಿ0455 ಎಂದರೆ ದೊಡ್ಡ ಸೋರಿಕೆ, ಪಿ0442 ಎಂದರೆ ಸಣ್ಣದು, ಪಿ0456 ಎಂದರೆ ಅತಿ ಸಣ್ಣದು. ನಮ್ಮ ದೇಶದ ನಿಯಮ ಯುರೋಪಿನ ಜಾಡಿನದು; ಅದರಲ್ಲಿ ಪರ್ಜ್ ವಾಲ್ವಿನ ವಿದ್ಯುತ್ ಸಂಪರ್ಕ ಸರಿಯಿದೆಯೇ ಎಂದು ನೋಡಿದರೆ ಸಾಕು. ತಂತಿ ಕಡಿದರೆ ದೀಪ ಹತ್ತುತ್ತದೆ. ಪೈಪು ಬಿರಿದರೆ ಬಹಳ ಕಾರುಗಳಲ್ಲಿ ಹತ್ತುವುದೇ ಇಲ್ಲ. ಆಗ ನಿಮ್ಮ ಮೂಗೇ ಸ್ಕ್ಯಾನರು. ಕೋಡ್ ಬಂದರೂ ಅದು ಹೇಳುವುದು ರೋಗದ ಲಕ್ಷಣವನ್ನೇ ಹೊರತು ಕೆಟ್ಟ ಭಾಗದ ಹೆಸರನ್ನಲ್ಲ.

ಆದ್ದರಿಂದ ಅಗ್ಗದ ಕಡೆಯಿಂದ ಶುರುಮಾಡಬೇಕು. ಟ್ಯಾಂಕಿನ ಮುಚ್ಚಳದ ರಬ್ಬರ್ ಬಳೆ ಬಿರಿದಿದೆಯೇ ನೋಡಿ. ಆಮೇಲೆ ಹೋಸುಗಳು, ಎಂಜಿನ್ನಿನ ಕಾವಿಗೆ ರಬ್ಬರು ಗಡುಸಾಗಿ ಸೀಳುವುದುಂಟು. ಮುಚ್ಚಳ ತೆಗೆದಾಗ ಗಾಳಿ ಜೋರಾಗಿ ಒಳಕ್ಕೆ ಎಳೆದುಕೊಂಡರೆ ಡಬ್ಬಿಯ ಗಾಳಿದಾರಿ ಕಟ್ಟಿರಬಹುದು. ನಮ್ಮ ಮಣ್ಣಿನ ರಸ್ತೆಗಳ ಧೂಳೇ ಅದಕ್ಕೆ ಸಾಕು. ಜೇಡವೂ ಈ ಕೆಲಸ ಮಾಡಬಲ್ಲದು ಎಂದರೆ ನಗಬೇಡಿ: 2011ರಲ್ಲಿ ಮಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ ಸಾವಿರಾರು ಕಾರುಗಳನ್ನು ವಾಪಸು ಕರೆಸಿಕೊಂಡಿತು. ಈ ಗಾಳಿಕೊಳವೆಯಲ್ಲಿ ಜೇಡಗಳು ಬಲೆ ಕಟ್ಟುತ್ತಿದ್ದವು. ಕೊಳವೆ ಕಟ್ಟಿದರೆ ಟ್ಯಾಂಕಿನೊಳಗೆ ಒತ್ತಡ ಕುಸಿದು ಟ್ಯಾಂಕೇ ಬಿರಿಯುವ ಭಯವಿತ್ತು.

ಇಷ್ಟಾದರೂ ಸೋರಿಕೆ ಸಿಗದಿದ್ದರೆ ಹೊಗೆ ಪರೀಕ್ಷೆ. ಯಂತ್ರದಿಂದ ತೀರ ಕಡಿಮೆ ಒತ್ತಡದಲ್ಲಿ ಹೊಗೆಯನ್ನು ಕೊಳವೆಗಳಿಗೆ ತುಂಬಿ, ಎಲ್ಲಿ ಎಳೆ ಹೊರಡುತ್ತದೆಂದು ಟಾರ್ಚ್ ಹಿಡಿದು ನೋಡುತ್ತಾರೆ. ಕಾಣದ ಆವಿಯನ್ನು ಕ್ಯಾಮೆರಾದಲ್ಲಿ ಹಿಡಿಯಲಾಗದೆ ಪೇಚಾಡುವ ನನ್ನಂಥವರಿಗೆ ಇದೊಂದೇ ಸಮಾಧಾನ! ಟೈರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದ ಈ ಪರೀಕ್ಷೆ ಮಾಡಬಾರದು. ಆ ಒತ್ತಡಕ್ಕೆ ಡಬ್ಬಿ, ಟ್ಯಾಂಕು ಎರಡೂ ಹಾಳಾಗುತ್ತವೆ. ಕೊಳವೆಗಳನ್ನು ಬಾಯಿಂದ ಊದಿ ನೋಡುವುದೂ ಬೇಡ. ಬೆಂಕಿಯಂತೂ ಹತ್ತಿರ ಸುಳಿಯಬಾರದು.

ನಮ್ಮ ಕಾರಿಗೆ ಹೊಸ ಡಬ್ಬಿ ಕೋಲಾರದಿಂದ ಬರಬೇಕಾಯಿತು, ಚಿತ್ರೀಕರಣ ಒಂದು ದಿನ ಮುಂದೆ ಹೋಯಿತು. ಆಮೇಲೂ ಅದೇ ಚಾಲಕರೊಡನೆ ಎಷ್ಟೋ ಸಲ ಓಡಾಡಿದ್ದೇನೆ. ಬಂಕಿನಲ್ಲಿ 'ಟಕ್' ಎಂದ ಕೂಡಲೇ ಅವರು ಕೈ ಅಡ್ಡ ಹಿಡಿಯುತ್ತಾರೆ: "ಸಾಕು ಬಿಡಪ್ಪಾ, ಚಿಲ್ಲರೆ ನಾನು ಕೊಡ್ತೀನಿ."